ಒಡಿಕತ್ತಿ ಉಳಿಯಿತು, ಲಂಗರು ಉದುರಿತು

ನಮ್ಮ ಮನೆಯ ಹಜಾರದ ಗೋಡೆಯಲ್ಲಿ ಅಜ್ಜನ ಕಾಲದ ಒಂದು ಒಡಿಕತ್ತಿ ಇದೆ, ಕೊಡವರ ಅಗಲ ಅಲಗಿನ ಕತ್ತಿ. ನೂರು ವರ್ಷ ಆಗಿರಬಹುದು. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದಾಗ ಅದನ್ನು ಇಳಿಸಿ ಒರೆಸುತ್ತೇವೆ, ತೆಳ್ಳಗೆ ಎಣ್ಣೆ ಸವರುತ್ತೇವೆ, ತೋಕ್ ಪೂ ಎಂಬ ಕಾಡುಹೂ ಇಟ್ಟು ಕೈ ಮುಗಿಯುತ್ತೇವೆ. ಆಮೇಲೆ ಮತ್ತೆ ಗೋಡೆಗೆ. ಅದಕ್ಕೆ ಸಿಗುವ ಆರೈಕೆ ಅಷ್ಟೇ. ನಮ್ಮ ಮಡಿಕೇರಿ ಕಡೆಯ ಮಳೆ ಎಂಥದ್ದು ಅಂತ ಗೊತ್ತಲ್ಲ, ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹೊತ್ತುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಆದರೂ ಕತ್ತಿ ಗಟ್ಟಿಯಾಗಿದೆ. ಮೇಲೊಂದು ಕಂದು ಪೊರೆ, ಅಲ್ಲಲ್ಲಿ ಚುಕ್ಕೆ. ಒಳಗೆ ಏನೂ ಆಗಿಲ್ಲ.

ಅದರ ಪಕ್ಕದ ಮೊಳೆಯಲ್ಲಿ ಮೂರು ವರ್ಷ ಒಂದು ಲಂಗರು ನೇತಾಡುತ್ತಿತ್ತು. ನಾಲ್ಕು ಕೊಕ್ಕೆಯ, ಮೀನುಗಾರರ ಸಣ್ಣ ಲಂಗರು. ಮಲ್ಪೆಯ ಸ್ನೇಹಿತರೊಬ್ಬರ ಬಲೆಗೆ ಸಿಕ್ಕಿದ್ದು. ಅವರ ಅಪ್ಪನ ಕಾಲದ ದೋಣಿಗಳಲ್ಲಿ ಇಂಥದ್ದೇ ಇರುತ್ತಿತ್ತಂತೆ. "ತಗೊಂಡು ಹೋಗಿ ಅಣ್ಣಾ, ನಿಮ್ಮ ಬೆಟ್ಟದ ಮೇಲೆ ಯಾರ ಹತ್ರ ಇದೆ ಲಂಗರು" ಅಂದರು. ಬಾಲದ ಸರಪಳಿ ಸಮೇತ ಗೋಣಿಚೀಲದಲ್ಲಿ ಸುತ್ತಿ, ಸಂಪಾಜೆ ಘಾಟಿ ಹತ್ತಿಸಿ ತಂದೆ. ಸರಪಳಿಯನ್ನು ಬಿಚ್ಚಿ ಒಂದು ಬಕೆಟ್ಟಿಗೆ ಹಾಕಿ ಕೊಟ್ಟಿಗೆಯಲ್ಲಿ ಮರೆತೆ. ಲಂಗರಿಗೆ ಅಂಟಿದ್ದ ಚಿಪ್ಪು ಕೆರೆದೆ, ತಂತಿ ಬ್ರಷ್ ಹಾಕಿ ಉಜ್ಜಿದೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಚೆನ್ನಾಗಿ ಒಣಗಿಸಿದೆ, ಎರಡು ಕೋಟು ಕಪ್ಪು ಪೇಂಟ್ ಹೊಡೆದೆ. ನೋಡಿದವರೆಲ್ಲ ಹೊಗಳಿದರು.

ಮೊದಲ ಮಳೆಗಾಲದಲ್ಲಿ ಪೇಂಟಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಒಂದನ್ನು ಉಗುರಿನಿಂದ ಒಡೆದರೆ ಒಳಗಿಂದ ಕಿತ್ತಳೆ ಬಣ್ಣದ ಹನಿ. ಎರಡನೇ ಮಳೆಗಾಲಕ್ಕೆ ಚಕ್ಕೆಗಳು ಏಳತೊಡಗಿದವು. ಮೂರನೇ ವರ್ಷ ಒಂದು ಕೊಕ್ಕೆ ತಾನಾಗಿಯೇ ಮುರಿದು ಬಿತ್ತು. ಅಮ್ಮ ದಿನಾ ಬೆಳಗ್ಗೆ ಅದರ ಕೆಳಗಿನ ಪುಡಿ ಗುಡಿಸಿ ಗುಡಿಸಿ ಸಾಕಾಗಿ, "ಇದನ್ನ ಕಾಫಿ ಗಿಡದ ಬುಡಕ್ಕಾದರೂ ಹಾಕು" ಅಂದರು.

ಒಂದೇ ಗೋಡೆ, ಒಂದೇ ಮಳೆ. ಒಂದು ಕಬ್ಬಿಣ ನೂರು ವರ್ಷ ನಿಂತಿತು, ಇನ್ನೊಂದು ಮೂರೇ ವರ್ಷಕ್ಕೆ ಉದುರಿತು. ಯಾಕೆ? ಸಮುದ್ರದಿಂದ ಎತ್ತಿದ ಕಬ್ಬಿಣವನ್ನು ಉಳಿಸುವ ವಿದ್ಯೆ ಇಡೀ ಈ ಪ್ರಶ್ನೆಯ ಸುತ್ತಲೇ ಇದೆ. ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ಸ್ವಲ್ಪ ಸಡಿಲ ಇದ್ದರೆ ಸಾಕು, ಉಪ್ಪು ನೀರೊಡೆಯುತ್ತದೆ ಅಲ್ವಾ? ಯಾರೂ ನೀರು ಸುರಿದಿರುವುದಿಲ್ಲ. ಗಾಳಿಯಲ್ಲಿದ್ದ ತೇವವನ್ನು ಉಪ್ಪೇ ಎಳೆದುಕೊಂಡಿರುತ್ತದೆ. ನನ್ನ ಲಂಗರಿನ ಒಳಗೆ ಅಂಥದ್ದೊಂದು ಭರಣಿ ಇತ್ತು. ನಾನು ಅದರ ಮೇಲೆ ಪೇಂಟ್ ಹೊಡೆದೆ. ಕಳ್ಳನನ್ನು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಹಾಕಿದ ಹಾಗೆ.

ಉಪ್ಪು ಒಳಗೆ ಹೋಗುವುದು ಹೇಗೆ

ಕಬ್ಬಿಣ ಅಂದರೆ ಗಟ್ಟಿ ವಸ್ತು, ಅದರೊಳಗೆ ಉಪ್ಪು ಹೇಗೆ ಹೋಗುತ್ತದೆ ಅಂತ ಮೊದಲು ನನಗೂ ಅರ್ಥವಾಗಿರಲಿಲ್ಲ. ನಿಜವಾಗಿ ಉಪ್ಪು ಹೋಗಿ ಕೂರುವುದು ತುಕ್ಕಿನೊಳಗೆ. ಅದೂ ತುಕ್ಕಿನ ತಳದಲ್ಲಿ, ಇನ್ನೂ ಉಳಿದಿರುವ ಲೋಹಕ್ಕೆ ತಾಗಿಕೊಂಡು.

ತುಕ್ಕು ಹಿಡಿಯುವುದೆಂದರೆ ಒಂದು ಥರ ಕರಗುವುದೇ. ಲೋಹದ ಒಂದು ಜಾಗದಲ್ಲಿ ಕಬ್ಬಿಣದ ಕಣಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿಗೆ ಇಳಿಯುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಹೋಗಿ ಇನ್ನೊಂದು ಜಾಗದಲ್ಲಿ ಆಮ್ಲಜನಕಕ್ಕೆ ಸಿಗುತ್ತವೆ. ಅಂದರೆ ಒಂದೇ ತುಂಡಿನಲ್ಲಿ ಸಾವಿರಾರು ಪುಟ್ಟ ಬ್ಯಾಟರಿಗಳು. ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಕಣಕ್ಕೆ ಪಾಸಿಟಿವ್ ವಿದ್ಯುತ್ ಇರುತ್ತದೆ. ಅದಕ್ಕೊಂದು ನೆಗೆಟಿವ್ ಜೊತೆ ಬೇಕು. ಸಿಹಿನೀರಿನಲ್ಲಿ, ಮಳೆನೀರಿನಲ್ಲಿ ಅಂಥ ಜೊತೆಗಾರರು ಕಡಿಮೆ. ಸಮುದ್ರದಲ್ಲಿ ಹಾಗಲ್ಲ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ 19 ಗ್ರಾಂ ಬರೀ ಕ್ಲೋರೈಡ್. ಈ ಕ್ಲೋರೈಡ್ ಕಣ ಚಿಕ್ಕದು, ಚುರುಕು, ನೆಗೆಟಿವ್ ಕೂಡ. ತುಕ್ಕಿನ ಸಂದುಗಳಲ್ಲಿ ನುಸುಳಿ ನೇರ ಲೋಹದ ಹತ್ತಿರ ಹೋಗುತ್ತದೆ. ಹತ್ತಾರು ವರ್ಷ ಇದೇ ನಡೆದರೆ ಲೋಹದ ಅಂಚಿನಲ್ಲಿ ಕಬ್ಬಿಣದ ಕ್ಲೋರೈಡ್ ದಟ್ಟವಾಗಿ ತುಂಬಿಕೊಳ್ಳುತ್ತದೆ.

ನೀರಿನಡಿ ಇರುವವರೆಗೆ ಇದರಿಂದ ಅವಸರದ ಅಪಾಯವಿಲ್ಲ. ಅಲ್ಲಿ ಆಮ್ಲಜನಕ ಕಡಿಮೆ, ಮೇಲೆ ಚಿಪ್ಪು ಮರಳಿನ ಹೊದಿಕೆ ಬೇರೆ. ಎಲ್ಲ ನಿಧಾನ. ಅನಾಹುತ ಶುರುವಾಗುವುದು ಮೇಲಕ್ಕೆತ್ತಿದ ದಿನ. ಒಣಗುತ್ತಾ ಬಂದಂತೆ ತುಕ್ಕಿನಲ್ಲಿ ಬಿರುಕು ಬೀಳುತ್ತದೆ. ಬಿರುಕಿನಿಂದ ಗಾಳಿ ಒಳಗೆ ಹೋಗುತ್ತದೆ. ಕಬ್ಬಿಣದ ಕ್ಲೋರೈಡ್, ಆಮ್ಲಜನಕ, ತೇವ ಮೂರೂ ಸೇರಿದರೆ ಹೊಸ ತುಕ್ಕಿನ ಜೊತೆಗೆ ಹೈಡ್ರೋಕ್ಲೋರಿಕ್ ಆಸಿಡ್ ಹುಟ್ಟುತ್ತದೆ. ಆ ಆಸಿಡ್ ಪಕ್ಕದ ಒಳ್ಳೆ ಲೋಹವನ್ನು ತಿನ್ನುತ್ತದೆ. ತಿಂದಾಗ ಮತ್ತೆ ಕಬ್ಬಿಣದ ಕ್ಲೋರೈಡ್ ಆಗುತ್ತದೆ. ಅದು ಮತ್ತೆ ಆಸಿಡ್ ಆಗುತ್ತದೆ. ಇಲ್ಲಿ ಕ್ಲೋರೈಡ್ ಹೆಚ್ಚಾಗಿ ಖರ್ಚೇ ಆಗುವುದಿಲ್ಲ ನೋಡಿ. ಒಂದೇ ಚಿಟಿಕೆ ಉಪ್ಪು ಸುತ್ತಿ ಸುತ್ತಿ ಬಂದು ಕೆಲಸ ಮಾಡುತ್ತಿರುತ್ತದೆ.

ನಾನು ಉಗುರಿನಿಂದ ಒಡೆದ ಆ ಕಿತ್ತಳೆ ಹನಿ ಇದೇ ಆಸಿಡ್ ನೀರು. ಮ್ಯೂಸಿಯಂನವರು ಇದಕ್ಕೆ ಕಬ್ಬಿಣ ಅಳುತ್ತಿದೆ ಅನ್ನುತ್ತಾರೆ. ಹೆಸರು ಚೆನ್ನಾಗಿದೆ, ನೋಡಲು ಮಾತ್ರ ಹೊಟ್ಟೆ ಉರಿಯುತ್ತದೆ. ಹೀಗೆ ಹುಟ್ಟುವ ತುಕ್ಕಿನಲ್ಲಿ ಅಕಗನೈಟ್ ಎಂಬ ಒಂದು ಜಾತಿ ಇದೆ, ಜಪಾನಿನ ಅಕಗನೆ ಗಣಿಯಿಂದ ಬಂದ ಹೆಸರು. ಅದು ತನ್ನ ಹರಳಿನೊಳಗೇ ಒಂದಿಷ್ಟು ಕ್ಲೋರೈಡನ್ನು ಬಚ್ಚಿಟ್ಟುಕೊಳ್ಳುತ್ತದೆ. ಜೊತೆಗೆ ತುಕ್ಕಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಒಳಗೆ ಹುಟ್ಟಿದ ತುಕ್ಕು ಹಿಗ್ಗಿ, ಮೇಲಿನ ಪದರವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಬೀಳಿಸುತ್ತದೆ. ಲಂಗರಿನ ಮೂಲ ಆಕಾರ ಇದ್ದದ್ದೇ ಆ ಮೇಲಿನ ಪದರದಲ್ಲಿ. ಅದು ಹೋಯಿತೆಂದರೆ ಉಳಿಯುವುದು ಬರೀ ಮುದ್ದೆ.

ಒಡಿಕತ್ತಿ ಕಂಡಿದ್ದು ಮಳೆಯ ತೇವವನ್ನು ಮಾತ್ರ, ಉಪ್ಪನ್ನಲ್ಲ. ಅದಕ್ಕೇ ಉಳಿಯಿತು. ಒಂದು ಸಣ್ಣ ತಿದ್ದುಪಡಿ ಇದೆ. ಕತ್ತಿಯ ಅಲಗಿನ ಮೇಲೆ ನಾಲ್ಕು ಬೆರಳಿನ ಗುರುತು ಕೂತಿದೆ, ಕಂದು ಅಚ್ಚು ಹೊಡೆದ ಹಾಗೆ. ಯಾವತ್ತೋ ಯಾರೋ ಬೆವರಿದ ಕೈಯಲ್ಲಿ ಹಿಡಿದು ಒರೆಸದೆ ಇಟ್ಟಿದ್ದಾರೆ. ಬೆವರಿನಲ್ಲೂ ಉಪ್ಪಿದೆ. ಮ್ಯೂಸಿಯಂನಲ್ಲಿ ಕೈಗವಸು ಹಾಕಿಯೇ ಕಬ್ಬಿಣ ಮುಟ್ಟುವುದು ಸುಮ್ನೆ ಶೋಕಿಗೆ ಅಲ್ಲ.

ಕಲ್ಲಿನಂಥ ಉಂಡೆಯೊಳಗೆ

ಬೆಚ್ಚಗಿನ ಸಮುದ್ರದಲ್ಲಿ ಹಳೆಯ ಕಬ್ಬಿಣ ಕಬ್ಬಿಣದ ಹಾಗೆ ಕಾಣುವುದೇ ಇಲ್ಲ. ತುಕ್ಕು, ಮರಳು, ಸುಣ್ಣ, ಚಿಪ್ಪು, ಹವಳ ಎಲ್ಲ ಅಂಟಿ ಕಾಂಕ್ರೀಟಿನಂಥ ಗಟ್ಟಿ ಕವಚವಾಗಿರುತ್ತದೆ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಎಂಡೆವರ್ ಹಡಗು 1770ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಸಿಕ್ಕಿಕೊಂಡಾಗ ಭಾರ ಇಳಿಸಲು ಆರು ತೋಪುಗಳನ್ನು ನೀರಿಗೆ ಎಸೆದರು. 1969ರಲ್ಲಿ ಅವು ಸಿಕ್ಕಾಗ ಹವಳದೊಳಗೆ ಹೂತುಹೋಗಿದ್ದವು. ಸುತ್ತಿಗೆ, ಉಳಿ ಹಿಡಿದು ಹವಳ ಬಿಡಿಸಿ, ಆಮೇಲೆ ವಿದ್ಯುತ್ ಹಾಯಿಸಿ ಉಪ್ಪು ತೆಗೆದು ಉಳಿಸಿಕೊಂಡರು.

ಆ ಕವಚದೊಳಗೆ ಏನಿದೆ ಎಂದು ಹೊರಗಿನಿಂದ ಹೇಳಲಾಗದು. ಆದ್ದರಿಂದ ಮೊದಲು ಎಕ್ಸ್‌ರೇ. ಎಷ್ಟೋ ಸಲ ಸಣ್ಣ ಮೊಳೆ, ಕೊಡಲಿ, ಬೀಗದ ಕಬ್ಬಿಣವೆಲ್ಲ ಕರಗಿ ಹೋಗಿ ಒಳಗೆ ಬರೀ ಪೊಳ್ಳು ಇರುತ್ತದೆ. ಹಾಗಂತ ಎಸೆಯುವುದಿಲ್ಲ. ಪೊಳ್ಳು ಅಂದರೆ ಅಚ್ಚು. ಒಳಗೆ ಎಪಾಕ್ಸಿ ರಾಳ ಸುರಿದು, ಗಟ್ಟಿಯಾದ ಮೇಲೆ ಹೊರಗಿನ ಕವಚ ಒಡೆದರೆ, ಕಮ್ಮಾರನ ಸುತ್ತಿಗೆ ಗುರುತಿನ ಸಮೇತ ಕೊಡಲಿ ಸಿಗುತ್ತದೆ. ಕಬ್ಬಿಣದ್ದಲ್ಲ, ಕಬ್ಬಿಣ ಬಿಟ್ಟುಹೋದ ಜಾಗದ್ದು. ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಎರಕದ ಕಬ್ಬಿಣದ ಕಥೆ ಇನ್ನೂ ವಿಚಿತ್ರ. ತೋಪು, ಗುಂಡುಗಳೆಲ್ಲ ಬಹುತೇಕ ಎರಕದವು. ಅದರಲ್ಲಿ ಇಂಗಾಲ ಜಾಸ್ತಿ, ಗ್ರಾಫೈಟ್ ರೂಪದಲ್ಲಿ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿ ಇರುವುದೇ. ಸಮುದ್ರ ಕಬ್ಬಿಣವನ್ನು ಕರಗಿಸಿ ಒಯ್ದು ಗ್ರಾಫೈಟಿನ ಜಾಲವನ್ನು ಹಾಗೇ ಬಿಡುತ್ತದೆ. ಹೊರಗೆ ನೋಡಿದರೆ ತೋಪು ಮೊನ್ನೆ ಎರಕ ಹೊಯ್ದ ಹಾಗೆ, ಅಕ್ಷರ ಕೂಡ ಓದಬಹುದು. ಚಾಕು ಇಟ್ಟರೆ ಬೆಣ್ಣೆಯಂತೆ ಇಳಿಯುತ್ತದೆ. ಇಂಥ ಗುಂಡನ್ನು ಹೊರಗೆ ತೆಗೆದ ಕೂಡಲೇ ಗಾಳಿ ಒಳಗೆ ನುಗ್ಗಿ, ಮುಟ್ಟಲಾಗದಷ್ಟು ಬಿಸಿಯಾದ ಉದಾಹರಣೆಗಳೂ ಇವೆ. ಬಡಿದು ಮಾಡಿದ ಹಳೆಯ ಕಬ್ಬಿಣ ಹೀಗಲ್ಲ. ಅದರಲ್ಲಿ ಕಿಟ್ಟದ ಎಳೆಗಳು ಉದ್ದಕ್ಕೆ ಇರುವುದರಿಂದ, ಸವೆದ ಮೇಲೆ ಹಳೆ ಮರದ ನಾರಿನಂತೆ ಕಾಣುತ್ತದೆ. ಹಳೆಯ ಲಂಗರು, ಸರಪಳಿಗಳಲ್ಲಿ ಇದನ್ನು ನೋಡಬಹುದು.

ಹಾಗಾಗಿ ಬಲ್ಲವರು ಎತ್ತುವ ಮೊದಲೇ ಕೆಲಸ ಶುರು ಮಾಡುತ್ತಾರೆ. 1872ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತೀರದಲ್ಲಿ ಮುಳುಗಿದ ಕ್ಸಾಂತೋ ಎಂಬ ಉಗಿಹಡಗಿನ ಇಂಜಿನ್ ಇತ್ತು. ಅದಿನ್ನೂ ನೀರಿನಲ್ಲಿದ್ದಾಗಲೇ ಅದಕ್ಕೆ ಬೇರೆ ಲೋಹದ ತುಂಡುಗಳನ್ನು ತಂತಿಯಲ್ಲಿ ಕಟ್ಟಿದರು. ಆ ತುಂಡು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಗೀಸರ್ ಒಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತದಲ್ಲ, ಅದೇ ಲೆಕ್ಕ. 1985ರಲ್ಲಿ ಮೇಲೆತ್ತಿ, ವರ್ಷಗಟ್ಟಲೆ ಕವಚ ಬಿಡಿಸಿ, ಉಪ್ಪು ತೆಗೆದು, ಭಾಗ ಭಾಗ ಬಿಚ್ಚಿ ಜೋಡಿಸಿದರು. ನೂರು ವರ್ಷಕ್ಕೂ ಹೆಚ್ಚು ಸಮುದ್ರದಲ್ಲಿದ್ದ ಆ ಇಂಜಿನ್ನನ್ನು ಈಗ ಕೈಯಲ್ಲೇ ತಿರುಗಿಸಬಹುದು.

ಕಣಿಲೆ ನೆನೆಸಿದ ಹಾಗೆ

ಕೊಡಗಿನವರಿಗೆ ಇದರ ಚಿಕಿತ್ಸೆಯನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು, ತಂದರೆ ಅದೇ ದಿನ ಪಲ್ಯ ಮಾಡುತ್ತೇವಾ? ಇಲ್ಲ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ಹಾಕುತ್ತೇವೆ. ಒಳಗಿನ ಕಹಿ, ನಂಜು ನೀರಿಗೆ ಇಳಿಯುತ್ತದೆ. ಒಂದೇ ನೀರಲ್ಲಿ ವಾರ ಇಟ್ಟರೆ ಪ್ರಯೋಜನ ಇಲ್ಲ, ಬದಲಾಯಿಸುತ್ತಲೇ ಇರಬೇಕು. ಸಮುದ್ರದ ಕಬ್ಬಿಣಕ್ಕೂ ಇದೇ ಉಪಾಯ. ಬರೀ ದಿನದ ಬದಲು ತಿಂಗಳು, ವರ್ಷ.

ಒಂದು ತೊಡಕಿದೆ. ಬರೀ ನೀರಲ್ಲಿ ನೆನೆಸಿದರೆ ಕಬ್ಬಿಣಕ್ಕೆ ಅಲ್ಲೇ ತುಕ್ಕು ಹಿಡಿಯುತ್ತದೆ. ಆದ್ದರಿಂದ ನೀರಿಗೆ ಕ್ಷಾರ ಸೇರಿಸುತ್ತಾರೆ, ಕಾಸ್ಟಿಕ್ ಸೋಡಾ ಅಥವಾ ವಾಷಿಂಗ್ ಸೋಡಾ. ಕ್ಷಾರ ಜಾಸ್ತಿ ಇರುವ ನೀರಲ್ಲಿ ಕಬ್ಬಿಣದ ಮೇಲೆ ತೆಳುವಾದ ಕಾಪು ಪೊರೆ ಕೂತು ತುಕ್ಕು ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ. ಕ್ಷಾರದಲ್ಲಿರುವ ಹೈಡ್ರಾಕ್ಸೈಡ್ ಕಣಗಳು ತುಕ್ಕಿನೊಳಗೆ ಹೋಗಿ ಕ್ಲೋರೈಡ್ ಕೂತಿದ್ದ ಸೀಟು ಹಿಡಿಯುತ್ತವೆ. ಸೀಟು ಹೋದ ಕ್ಲೋರೈಡ್ ಬಸ್ಸಿಳಿದು ಹೊರಗಿನ ನೀರಿಗೆ ಬರುತ್ತದೆ. ಹೊರಗೆ ಕ್ಲೋರೈಡ್ ತುಂಬಿದರೆ ಇಳಿಯುವುದು ನಿಧಾನವಾಗುತ್ತದೆ. ಆಗ ನೀರು ಬದಲಾಯಿಸಬೇಕು.

ಇದನ್ನು ಚುರುಕು ಮಾಡಲು ವಿದ್ಯುತ್ ಹಾಯಿಸುವುದುಂಟು. ವಸ್ತುವನ್ನು ನೆಗೆಟಿವ್ ತಂತಿಗೆ ಕಟ್ಟಿ, ಸುತ್ತ ಕಬ್ಬಿಣದ ಜಾಲರಿ ಇಟ್ಟು ಅದನ್ನು ಪಾಸಿಟಿವ್ ಮಾಡುತ್ತಾರೆ. ನೆಗೆಟಿವ್ ಆದ ಕ್ಲೋರೈಡ್ ತನ್ನಷ್ಟಕ್ಕೆ ಜಾಲರಿಯ ಕಡೆ ಓಡುತ್ತದೆ. ವಸ್ತುವಿನ ಮೈಯಿಂದ ಸಣ್ಣ ಸಣ್ಣ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ, ಅವು ಸಡಿಲ ತುಕ್ಕನ್ನೂ ಬಿಡಿಸುತ್ತವೆ. ತಂತಿ ಅದಲು ಬದಲಾದರೆ ಮುಗಿಯಿತು, ಕರಗುವುದು ವಸ್ತುವೇ. ಕರೆಂಟ್ ಜಾಸ್ತಿ ಕೊಟ್ಟರೂ ಕಷ್ಟ, ಗುಳ್ಳೆಗಳ ರಭಸಕ್ಕೆ ಮೇಲ್ಮೈ ಕಿತ್ತು ಬರುತ್ತದೆ. ಹದ ಮುಖ್ಯ.

ಬೇರೆ ದಾರಿಗಳನ್ನೂ ಹುಡುಕಿದ್ದಾರೆ. 1975ರಲ್ಲಿ ಆಸ್ಟ್ರೇಲಿಯಾದ ನಾರ್ತ್ ಮತ್ತು ಪಿಯರ್ಸನ್ ಎಂಬ ಇಬ್ಬರು ಕಾಸ್ಟಿಕ್ ಸೋಡಾ ಜೊತೆಗೆ ಸೋಡಿಯಂ ಸಲ್ಫೈಟ್ ಸೇರಿಸಿ, ಗಾಳಿಯಾಡದ ಪೆಟ್ಟಿಗೆಯಲ್ಲಿ ಬಿಸಿ ಮಾಡಿ ನೆನೆಸುವ ವಿಧಾನ ಕೊಟ್ಟರು. ಅಮೆರಿಕದ ಚಾರ್ಲ್ಸ್‌ಟನ್‌ನ ಪ್ರಯೋಗಾಲಯದಲ್ಲಿ ಪ್ರೆಷರ್ ಕುಕ್ಕರಿನ ದೊಡ್ಡಣ್ಣನಂಥ ಯಂತ್ರ ಮಾಡಿದರು. ಒತ್ತಡ ಹಾಕಿ ನೀರನ್ನು ಕುದಿಯಲು ಬಿಡದೆ ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ತಿಂಗಳುಗಳ ಕೆಲಸ ವಾರಗಳಲ್ಲಿ ಆಗುತ್ತದೆ. ಅದರಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತುವಾದರೆ ಮಾತ್ರ.

ದೊಡ್ಡದಾದರೆ ತೊಟ್ಟಿಯೇ ಗತಿ. ಅದೇ ಚಾರ್ಲ್ಸ್‌ಟನ್‌ನಲ್ಲಿ ಎಚ್.ಎಲ್. ಹನ್ಲಿ ಎಂಬ ಜಲಾಂತರ್ಗಾಮಿ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಫೆಬ್ರುವರಿಯಲ್ಲಿ, ಶತ್ರು ಹಡಗನ್ನು ಮುಳುಗಿಸಿ ಎಂಟು ಜನರೊಂದಿಗೆ ತಾನೂ ಮುಳುಗಿತು. ಮೇಲೆತ್ತಿದ್ದು 2000ದ ಆಗಸ್ಟ್‌ನಲ್ಲಿ. ಮೊದಲ ವರ್ಷಗಳೆಲ್ಲ ಒಳಗಿನ ಮಣ್ಣು ತೆಗೆಯುವುದಕ್ಕೇ ಹೋದವು. ಕಾಸ್ಟಿಕ್ ಸೋಡಾ ನೀರಿಗೆ ಇಳಿಸಿದ್ದು 2014ರಲ್ಲಿ. ಅದೇ ಯುದ್ಧದ ಮಾನಿಟರ್ ಎಂಬ ಹಡಗಿನ ತೋಪುಗೋಪುರವನ್ನು 2002ರಲ್ಲಿ ಎತ್ತಿದರು, ಸುಮಾರು 120 ಟನ್ ಭಾರ. ಇಪ್ಪತ್ತು ವರ್ಷ ಕಳೆದ ಮೇಲೂ ಅದರ ಚಿಕಿತ್ಸೆ ಮುಗಿದಿರಲಿಲ್ಲ. ಕಾಫಿ ಗಿಡ ನೆಟ್ಟು ಫಸಲಿಗೆ ಕಾಯುವವರಿಗೂ ಇಷ್ಟು ತಾಳ್ಮೆ ಇರಲಿಕ್ಕಿಲ್ಲ.

ನೆನೆಸಲಾಗದಷ್ಟು ದೊಡ್ಡದಾದರೆ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಎಸ್.ಎಸ್. ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗಿದೆ, ನೀರಿಗೆ ಇಳಿದಿದ್ದು 1843ರಲ್ಲಿ. ಕೊನೆಗೆ ಫಾಕ್‌ಲ್ಯಾಂಡ್ ದ್ವೀಪದಲ್ಲಿ ಅನಾಥವಾಗಿ ಬಿದ್ದಿದ್ದನ್ನು 1970ರಲ್ಲಿ ಊರಿಗೆ ತಂದರು. ಇಡೀ ಒಡಲಿನ ತುಂಬ ಉಪ್ಪು. ಅದನ್ನು ತೆಗೆಯುವ ಯೋಚನೆ ಬಿಟ್ಟು ಗಾಳಿಯಿಂದ ತೇವವನ್ನೇ ತೆಗೆದರು. ಹಡಗಿನ ಸುತ್ತ, ನೀರಿನ ಮಟ್ಟದಲ್ಲಿ ಗಾಜಿನ ಚಾವಣಿ ಕಟ್ಟಿ, ಕೆಳಗಿನ ಗಾಳಿಯ ತೇವವನ್ನು ಯಂತ್ರದಿಂದ ಶೇ. 20ಕ್ಕೆ ಇಳಿಸಿ ಇಟ್ಟಿದ್ದಾರೆ. ಅಷ್ಟು ಒಣಗಾಳಿಯಲ್ಲಿ ಉಪ್ಪು ಇದ್ದರೂ ಬಹುಮಟ್ಟಿಗೆ ಸುಮ್ಮನೆ ಕೂರುತ್ತದೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಿನಲ್ಲಿ ನಮ್ಮ ಹಜಾರದ ತೇವ ಶೇ. 90 ದಾಟುತ್ತದೆ. ಲಂಗರಿಗೆ ನಾನು ಒದಗಿಸಿದ್ದು ಎಂಥ ಜಾಗ ಅಂತ ಈಗ ಯೋಚಿಸಿದರೆ ನಗು ಬರುತ್ತದೆ.

ಬಕೆಟ್ಟಿನಲ್ಲಿ ಉಳಿದ ಸರಪಳಿ

ಲಂಗರು ಹೋಯಿತು, ಕೊಟ್ಟಿಗೆಯಲ್ಲಿ ಮರೆತ ಸರಪಳಿ ಇತ್ತು. ಸೂರಿನ ನೀರು ಬಿದ್ದು ಬಕೆಟ್ ಯಾವಾಗಲೂ ತುಂಬಿರುತ್ತಿತ್ತು. ತೆಗೆದು ನೋಡಿದರೆ ಕೊಂಡಿಗಳು ಕಪ್ಪಗೆ, ಆದರೆ ಇಡಿಯಾಗಿದ್ದವು. ನನ್ನ ಸೋಮಾರಿತನವೇ ಅದನ್ನು ಕಾಪಾಡಿತ್ತು. ಒಣಗಿಸಲಿಲ್ಲ ನೋಡಿ, ಅದಕ್ಕೆ.

ಮೂರು ಕೊಂಡಿಗಳ ಒಂದು ತುಂಡನ್ನು ಮಾತ್ರ ಆರಿಸಿಕೊಂಡೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್, ಒಂದು ಲೀಟರಿಗೆ 50 ಗ್ರಾಂನಂತೆ ವಾಷಿಂಗ್ ಸೋಡಾ. ಅಡುಗೆ ಸೋಡಾ ಬೇರೆ, ಅದಕ್ಕೆ ಇಷ್ಟು ಕ್ಷಾರ ಇಲ್ಲ. ಕಾಸ್ಟಿಕ್ ಸೋಡಾ ನಾನು ಮುಟ್ಟಲಿಲ್ಲ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ತಿಂದುಬಿಡುತ್ತದೆ. ಮನೆಯಲ್ಲಿ ಅದರ ಸಹವಾಸ ಬೇಡ. ನೀರು? ಅದಕ್ಕೆ ನಮ್ಮಲ್ಲಿ ಬರವೇ ಇಲ್ಲ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಹೆಂಚಿನಿಂದ ಇಳಿಯುವ ಮಳೆನೀರಿನಲ್ಲಿ ತೀರಾ ಕಡಿಮೆ. ಲಂಗರನ್ನು ತಿಂದ ಮಳೆಯೇ ಸರಪಳಿಗೆ ಔಷಧಿಯಾಯಿತು.

ಉಪ್ಪು ಬರುತ್ತಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳೆಯನ ಹತ್ತಿರ ಡ್ರಮ್ಮಿನ ನೀರನ್ನು ಒಂದು ಬಾಟಲಿಯಲ್ಲಿ ಒಯ್ದೆ. ಅವನು ಸ್ವಲ್ಪ ನೀರನ್ನು ಟೆಸ್ಟ್‌ಟ್ಯೂಬಿಗೆ ಹಾಕಿ, ನೈಟ್ರಿಕ್ ಆಸಿಡ್ ಬಿಟ್ಟು ಸೋಡಾದ ನೊರೆ ಅಡಗುವವರೆಗೆ ಕಾದ. ಆಮೇಲೆ ಸಿಲ್ವರ್ ನೈಟ್ರೇಟ್ ಎರಡು ಹನಿ. ಹನಿ ಬಿದ್ದ ಜಾಗದಿಂದ ಬೆಳ್ಳಗೆ ಮೋಡ ಇಳಿಯಿತು, ಅಕ್ಕಿ ತೊಳೆದ ಮೊದಲ ನೀರಿನ ಹಾಗೆ. "ಇದೇ ನಿನ್ನ ಕಳ್ಳ" ಅಂದ. ನೀರು ಬದಲಾಯಿಸುತ್ತಾ ಹೋದೆ. ಎರಡನೇ ಸಲ ಅಷ್ಟೇ ದಟ್ಟ. ನಾಲ್ಕನೇ ಸಲ ಎರಡನೇ ತೊಳೆಯುವಿಕೆಯ ಅಕ್ಕಿನೀರು. ಏಳನೇ ಸಲಕ್ಕೆ, ಅಂದರೆ ಹತ್ತು ತಿಂಗಳಾದ ಮೇಲೆ, ಕಿಟಕಿಗೆ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ಮಂಜು. ನನ್ನದು ಬರೀ ನೆನೆಸುವ ವಿಧಾನ. ಬ್ಯಾಟರಿ ಚಾರ್ಜರ್ ಹಚ್ಚಿ ಕರೆಂಟ್ ಕೊಡೋಣ ಅಂತ ಆಸೆ ಇತ್ತು. ಮುಚ್ಚಿದ ಕೊಟ್ಟಿಗೆ, ಬೆಂಕಿ ಹಿಡಿಯುವ ಹೈಡ್ರೋಜನ್, ಪಕ್ಕದಲ್ಲೇ ಒಣಹುಲ್ಲು. ಬೇಡ ಅನ್ನಿಸಿತು. ಮಾಡುವವರಿಗೆ ಒಂದೇ ಮಾತು, ಜಾಲರಿ ಸ್ಟೇನ್‌ಲೆಸ್ ಸ್ಟೀಲಿನದ್ದು ಇಡಬೇಡಿ. ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುವ ಅಪಾಯ ಇದೆ.

ಈ ನಡುವೆ ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ನಮ್ಮ ಅಡುಗೆಯ ಹುಳಿ ಕಾಚಂಪುಳಿ ಹಚ್ಚಿ ಉಜ್ಜು, ಫಳಫಳ ಆಗುತ್ತದೆ ಅಂದರು ಒಬ್ಬರು. ಆಗುವುದು ನಿಜ. ಹುಳಿ ತುಕ್ಕನ್ನು ಕರಗಿಸುತ್ತದೆ. ಮನೆಯ ಕತ್ತಿಗೆ ಸರಿ. ಸಮುದ್ರದ ಕಬ್ಬಿಣದಲ್ಲಿ ಆಕಾರ ಉಳಿದಿರುವುದೇ ತುಕ್ಕಿನಲ್ಲಿ, ಅದನ್ನೇ ಕರಗಿಸಿದರೆ ಉಳಿಯುವುದೇನು?

ಉಪ್ಪು ಹೋದ ಮೇಲೆ ಸೋಡಾ ಹೋಗುವ ತನಕ ಮಳೆನೀರಲ್ಲಿ ಹಲವು ಸಲ ತೊಳೆದು, ಸ್ಪಿರಿಟ್‌ನಲ್ಲಿ ಅದ್ದಿ, ಬಿಸಿಲಿಗೆ ಇಟ್ಟು ಒಣಗಿಸಿದೆ. ಮುಂದಿನದು ಟ್ಯಾನಿಕ್ ಆಸಿಡ್ ಬಳಿಯುವುದು. ಹೆಸರು ಹೊಸದಾಗಿರಬಹುದು, ಕೆಲಸ ನಮಗೆ ಹಳೆಯದು. ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಚಾಕು ಕಪ್ಪಾಗುತ್ತದಲ್ಲ, ಅದು ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆದ ಬಣ್ಣ. ಆ ಒಗರೇ ಟ್ಯಾನಿನ್. ಬ್ರಷ್‌ನಲ್ಲಿ ಬಳಿದು ಒಣಗಿಸಿದಂತೆ ಕಂದು ತುಕ್ಕು ನೀಲಿಗಪ್ಪಿಗೆ ತಿರುಗಿ, ಒಂದು ಗಟ್ಟಿ ಪೊರೆಯಾಗುತ್ತದೆ. ಕೊನೆಗೆ ಮೇಣ. ಜೇನಿನ ನಾಡಿನಲ್ಲಿ ಜೇನುಮೇಣ ಇರುವಾಗ ಬೇರೆ ಯಾಕೆ ಅಂತ ಕೇಳಬಹುದು. ಜೇನುಮೇಣದಲ್ಲಿ ಸ್ವಲ್ಪ ಆಮ್ಲದ ಗುಣ ಇದೆ. ಅದಕ್ಕೇ ಮ್ಯೂಸಿಯಂನವರು ಪೆಟ್ರೋಲಿಯಂನಿಂದ ಬರುವ ಮೈಕ್ರೋಕ್ರಿಸ್ಟಲಿನ್ ಮೇಣ ಬಳಸುತ್ತಾರೆ. ಬೇಕೆಂದಾಗ ಅದನ್ನು ಕರಗಿಸಿ ತೆಗೆಯಬಹುದು ಎಂಬುದೂ ಒಂದು ಕಾರಣ. ನಾಳೆ ಇದಕ್ಕಿಂತ ಒಳ್ಳೆಯ ವಿಧಾನ ಬಂದರೆ ಇವತ್ತಿನ ಕೆಲಸ ಅಡ್ಡ ಬರಬಾರದು ಎಂಬುದು ಅವರ ಲೆಕ್ಕ. ನನ್ನ ಎರಡು ಕೋಟು ಕಪ್ಪು ಪೇಂಟ್ ನೆನಪಾಗಿ ಸುಮ್ಮನಾದೆ.

ಇದೆಲ್ಲ ನನ್ನದೊಂದು ಸಾಧಾರಣ ಮೀನುಗಾರಿಕೆಯ ಸರಪಳಿ, ಹಾಳಾದರೆ ನಷ್ಟ ನನಗೆ. ಇತಿಹಾಸದ ವಸ್ತುವಾದರೆ ಮನೆಯಲ್ಲಿ ಇಂಥ ಪ್ರಯೋಗ ಮಾಡಲೇಬಾರದು. ಗೋವಾದ ಸುಂಚಿ ರೀಫ್ ಬಳಿ ಮುಳುಗಿದ 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಜಾಗದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರಿಗೆ ಕಬ್ಬಿಣದ ತೋಪುಗಳು, ಲಂಗರು, ಆನೆದಂತ, ನೀರಾನೆಯ ಹಲ್ಲುಗಳು ಸಿಕ್ಕಿದವು. ಒಂದೊಂದು ವಸ್ತು ಎಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎಂಬುದರಲ್ಲೇ ಅರ್ಧ ಕಥೆ ಇರುತ್ತದೆ. ತೋಪನ್ನು ಬಲೆಯಲ್ಲಿ ಎಳೆದು ತಂದರೆ ಆ ಕಥೆ ಅಲ್ಲೇ ಉಳಿಯುತ್ತದೆ. ಕಾನೂನೂ ಇದೆ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಮುಳುಗಿದ ಹಡಗಿನ ಸಾಮಾನು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಹೊರಗೆ ಬಂದೇಬಿಟ್ಟಿದ್ದರೆ, ತಜ್ಞರು ಬರುವ ತನಕ ಮಾಡಬೇಕಾದ್ದು ಒಂದೇ ಕೆಲಸ. ಒಣಗಲು ಬಿಡಬಾರದು. ಬೇರೇನೂ ಸಿಗದಿದ್ದರೆ ಅದೇ ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟರೂ ಸಾಕು. ಕೆರೆಯಬೇಡಿ, ಉಜ್ಜಬೇಡಿ.

ಮೂರು ಕೊಂಡಿಗಳ ಸರಪಳಿ ಈಗ ಲಂಗರಿನ ಹಳೆಯ ಮೊಳೆಯಲ್ಲೇ ಇದೆ. ಕೈಲ್ ಮುಹೂರ್ತಕ್ಕೆ ಅಮ್ಮ ಅದಕ್ಕೂ ಗಂಧ ಹಚ್ಚುತ್ತಾರೆ. ರಾತ್ರಿ ಎಲ್ಲರೂ ಕಡಂಬಿಟ್ಟು ಮುಗಿಸಿ ಮಲಗಿದ ಮೇಲೆ ನಾನು ಒಣಬಟ್ಟೆಯಲ್ಲಿ ಅದನ್ನು ಒರೆಸಿಬಿಡುತ್ತೇನೆ. ಕಬ್ಬಿಣ ಮತ್ತೆ ಅಳುತ್ತಿದೆಯಾ ಅಂತ ಪತ್ತೆ ಹಚ್ಚಲು, ಪ್ರತಿ ವರ್ಷ ಜೂನ್‌ನಲ್ಲಿ ಅದರ ಕೆಳಗೆ ಒಂದು ಬಿಳಿ ಕಾಗದ ಹಾಸುತ್ತೇನೆ. ಕಿತ್ತಳೆ ಪುಡಿ ಬಿದ್ದರೆ ಮತ್ತೆ ಡ್ರಮ್ಮಿಗೆ. ಈ ಸಲ ಮಳೆ ಕಡಿಮೆಯಾದ ಮೇಲೆ ಕಾಗದ ತೆಗೆದು ಬೆಳಕಿಗೆ ಹಿಡಿದೆ. ಎರಡು ಹಲ್ಲಿ ಹಿಕ್ಕೆ ಇತ್ತು.